ವೇಷ, ನಗು, ಕೂಲಿ: ಡಿಸ್ನಿ ಪಾರ್ಕುಗಳ ದುಡಿಮೆಗಾರರ ಚರಿತ್ರೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಹೈಮ್ ಊರಿನಲ್ಲಿ ಕಿತ್ತಳೆ ತೋಟ ಕಡಿದು ಮಾಡಿದ 160 ಎಕರೆ ಜಾಗದಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1955ರ ಜುಲೈ 17ರಂದು. ಕೆಲಸ ಶುರುವಾಗಿ ಒಂದು ವರ್ಷ ತುಂಬುವಷ್ಟರಲ್ಲಿ ಕೋಟೆ, ಹಳೆಯ ಕಾಲದ ಪೇಟೆ ಬೀದಿ, ದೋಣಿ ತೇಲುವ ಕಾಲುವೆ ಎಲ್ಲವೂ ಎದ್ದು ನಿಂತಿದ್ದವು. ಕುಡಿಯುವ ನೀರಿನ ನಲ್ಲಿಗಳು ಮಾತ್ರ ಸಾಕಷ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಕೊಳಾಯಿ ಕೆಲಸಗಾರರು ಮುಷ್ಕರ ಹೂಡಿದ್ದರು. ಉಳಿದ ಕೆಲವೇ ದಿನಗಳಲ್ಲಿ ನಲ್ಲಿ ಹಾಕಿಸುವುದೋ ಶೌಚಾಲಯ ಮುಗಿಸುವುದೋ ಎಂಬ ಪ್ರಶ್ನೆ ಬಂದಾಗ ವಾಲ್ಟ್ ಡಿಸ್ನಿ ಶೌಚಾಲಯವನ್ನು ಆರಿಸಿಕೊಂಡರು. ಸುಡುಬಿಸಿಲಿನ ಆ ದಿನ ಬಂದ ಜನ ನೀರಿಗಾಗಿ ಪರದಾಡಿದರು. ಕಾರ್ಮಿಕರ ಮಾತು ಇತ್ಯರ್ಥವಾಗದೆ ಇಂಥ ಜಾಗ ನಡೆಯದು ಎಂಬುದು ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು.

ಮನರಂಜನೆಯ ತೋಟಗಳಲ್ಲಿ ದುಡಿಯುವವರ ಪಾಡು ಅದಕ್ಕೂ ಅರ್ಧ ಶತಮಾನ ಹಳೆಯದು. ನ್ಯೂಯಾರ್ಕಿನ ಕೋನಿ ಐಲೆಂಡ್ ಕಡಲ ತೀರದಲ್ಲಿ 1897ರಲ್ಲಿ ಸ್ಟೀಪಲ್‌ಚೇಸ್, 1903ರಲ್ಲಿ ಲೂನಾ ಪಾರ್ಕ್, 1904ರಲ್ಲಿ ಡ್ರೀಮ್‌ಲ್ಯಾಂಡ್ ಹುಟ್ಟಿಕೊಂಡವು. ಡ್ರೀಮ್‌ಲ್ಯಾಂಡಿನಲ್ಲಿ ಕುಬ್ಜದೇಹದ ಸುಮಾರು 300 ಜನರನ್ನು ತಂದು ಪುಟ್ಟ ಊರೊಂದನ್ನು ಕಟ್ಟಿ ಅಲ್ಲೇ ಇರಿಸಿದ್ದರು. ಉಣ್ಣುವುದು, ಉಡುವುದು, ಓಡಾಡುವುದು ಎಲ್ಲವೂ ಟಿಕೆಟ್ ಕೊಂಡವರು ನೋಡಲೆಂದೇ. ಬದುಕುವುದೇ ಅವರ ಕೆಲಸವಾಗಿತ್ತು. ಉಳಿದವರದು ಹಂಗಾಮಿನ ದುಡಿಮೆ. ಬೇಸಿಗೆಯಲ್ಲಿ ಹಗಲು ರಾತ್ರಿ ಕೆಲಸ, ಚಳಿ ಬಿದ್ದರೆ ಬರಿಗೈ. ಈ ಹಂಗಾಮಿನ ನೆಪ ಮುಂದೆ ಕಾನೂನಿಗೂ ಇಳಿಯಿತು. ಅಮೆರಿಕದ ಕನಿಷ್ಠ ಕೂಲಿ ಕಾಯ್ದೆ ಬಂದದ್ದು 1938ರಲ್ಲಿ. ಅದಕ್ಕೆ 1960ರ ದಶಕದಲ್ಲಿ ತಿದ್ದುಪಡಿಗಳಾದಾಗ, ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ಕಾಲ ನಡೆಯದ ಮನರಂಜನಾ ಸಂಸ್ಥೆಗಳಿಗೆ ಕನಿಷ್ಠ ಕೂಲಿಯಿಂದಲೂ ಓವರ್‌ಟೈಮ್ ನಿಯಮದಿಂದಲೂ ವಿನಾಯಿತಿ ಸಿಕ್ಕಿತು. ಅದು ಇವತ್ತಿಗೂ ಇದೆ. ವರ್ಷವಿಡೀ ತೆರೆದಿರುವ ದೊಡ್ಡ ಪಾರ್ಕುಗಳಿಗೆ ಮಾತ್ರ ಈ ರಿಯಾಯಿತಿ ಇಲ್ಲ.

ಡಿಸ್ನಿಲ್ಯಾಂಡ್ ಹಳೆಯ ಜಾತ್ರೆಗಳ ಕೊಳಕು, ಕೂಗಾಟ, ಮೋಸಗಳಿಂದ ದೂರ ನಿಲ್ಲಬೇಕು ಎಂಬುದು ವಾಲ್ಟ್ ಡಿಸ್ನಿಯವರ ಹಟವಾಗಿತ್ತು. ಮೊದಲ ವರ್ಷ ವಾಹನ ನಿಲ್ದಾಣವನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟು, ಕಾವಲಿಗೂ ಹೊರಗಿನ ಕಂಪನಿಯವರನ್ನು ಕರೆಸಿದ್ದರು. ಬಂದವರನ್ನು ಅತಿಥಿಗಳಂತೆ ಕಾಣುವ ಗುಣ ಗುತ್ತಿಗೆಯವರಲ್ಲಿ ಬಾರದು ಎಂದು ಬೇಗನೆ ಅರಿವಾಗಿ ಆ ಕೆಲಸಗಳನ್ನೆಲ್ಲ ಕಂಪನಿಯೇ ವಹಿಸಿಕೊಂಡಿತು. ನೇಮಕವಾದವರಿಗೆ ಪಾಠ ಹೇಳಲು ವ್ಯಾನ್ ಫ್ರಾನ್ಸ್ ಎಂಬವರು ತರಬೇತಿ ಶಾಲೆ ಕಟ್ಟಿದರು. ಮುಂದೆ ಅದಕ್ಕೆ ಡಿಸ್ನಿ ಯೂನಿವರ್ಸಿಟಿ ಎಂಬ ಹೆಸರು ನಿಂತಿತು. ಅಲ್ಲಿ ರೂಪುಗೊಂಡ ನುಡಿಗಟ್ಟೆಲ್ಲ ರಂಗಭೂಮಿಯದು. ನೌಕರ ಅಲ್ಲಿ ನೌಕರನಲ್ಲ, ‘ಕ್ಯಾಸ್ಟ್ ಮೆಂಬರ್’, ಅಂದರೆ ಪಾತ್ರವರ್ಗದವನು. ಸಮವಸ್ತ್ರಕ್ಕೆ ‘ಕಾಸ್ಟ್ಯೂಮ್’ ಎಂದು ಹೆಸರು. ಜನರ ನಡುವೆ ಇದ್ದಾಗ ‘ಆನ್ ಸ್ಟೇಜ್’, ಬೇಲಿಯ ಹಿಂದೆ ಹೋದರೆ ‘ಬ್ಯಾಕ್ ಸ್ಟೇಜ್’. ಗಿರಾಕಿ ಎಂಬ ಮಾತು ಅಲ್ಲಿ ನಿಷಿದ್ಧ, ಬಂದವರೆಲ್ಲ ‘ಗೆಸ್ಟ್’. ಯಕ್ಷಗಾನದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿದ ಮೇಲೆ ಕಲಾವಿದನ ಊರು, ಮನೆ, ಸಾಲ ಹಿಂದೆ ಸರಿಯುತ್ತವೆ; ರಂಗದಲ್ಲಿ ಕಾಣುವುದು ಪಾತ್ರ ಮಾತ್ರ. ಕಸ ಗುಡಿಸುವವರಿಂದ ಹಿಡಿದು ಪಾಪ್‌ಕಾರ್ನ್ ಮಾರುವವರವರೆಗೆ ಪ್ರತಿಯೊಬ್ಬರೂ ಅಂಥದೇ ಪಾತ್ರ ಆಡಬೇಕೆಂದು ಡಿಸ್ನಿಲ್ಯಾಂಡ್ ನಿರೀಕ್ಷಿಸಿತು. ಅದೂ ಒಂದು ರಾತ್ರಿಯ ಆಟವಲ್ಲ, ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ.

ನಿಯಮಗಳು ಮೈಯ ಮೇಲೇ ಬರೆದಂತಿದ್ದವು. ಕೂದಲಿನ ಉದ್ದ, ಉಗುರಿನ ಬಣ್ಣ, ಓಲೆಯ ಗಾತ್ರ ಎಲ್ಲಕ್ಕೂ ಅಳತೆ ಇತ್ತು. ದಾರಿ ತೋರಿಸುವಾಗ ಒಂದೇ ಬೆರಳು ಚಾಚುವಂತಿಲ್ಲ. ಎರಡು ಬೆರಳು ಜೋಡಿಸಬೇಕು, ಇಲ್ಲವೇ ಅಂಗೈ ಬಿಡಿಸಿ ತೋರಿಸಬೇಕು. ಸ್ವತಃ ವಾಲ್ಟ್ ಡಿಸ್ನಿಯವರಿಗೆ ಮೀಸೆ ಇದ್ದರೂ ಅವರ ಪಾರ್ಕಿನ ಗಂಡಸರು ಮೀಸೆ ಬಿಡುವಂತಿರಲಿಲ್ಲ. ಆ ನಿಷೇಧ ಸಡಿಲಗೊಂಡದ್ದು 2000ದಲ್ಲಿ, ಗಡ್ಡಕ್ಕೆ ಅನುಮತಿ ಸಿಕ್ಕಿದ್ದು 2012ರಲ್ಲಿ. ಹಚ್ಚೆ ಕಾಣುವಂತೆ ಇರಬಹುದು ಎಂಬ ಮಾತು ಬಂದದ್ದು 2021ರಲ್ಲಿ. ಮುಖದ ನಗುವಂತೂ ನಿಯಮದ ಮೊದಲ ಸಾಲು. ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್, ಸಂಬಳಕ್ಕಾಗಿ ಭಾವನೆಯನ್ನು ಹದಗೊಳಿಸಿಕೊಳ್ಳುವುದೂ ಒಂದು ದುಡಿಮೆ ಎಂದು 1983ರಲ್ಲಿ ವಿವರಿಸಿದರು. ತರುಣನಾಗಿದ್ದಾಗ ಡಿಸ್ನಿಲ್ಯಾಂಡಿನಲ್ಲಿ ಸವಾರಿ ನಡೆಸುವ ಕೆಲಸ ಮಾಡಿದ್ದ ಜಾನ್ ವ್ಯಾನ್ ಮಾನೆನ್ ಎಂಬ ವಿದ್ವಾಂಸರು ತಮ್ಮ ಹಳೆಯ ಕೆಲಸದ ಜಾಗವನ್ನು ‘ನಗುವಿನ ಕಾರ್ಖಾನೆ’ ಎಂದೇ ಕರೆದರು. ಆ ನಗುವಿನ ಒಳಗೂ ಮೇಲು ಕೀಳಿನ ಶ್ರೇಣಿ ಇತ್ತೆಂದು ಅವರು ಬರೆದಿದ್ದಾರೆ. ಮೇಲ್ಗಡೆ ಅತಿಥಿಗಳನ್ನು ಸುತ್ತಾಡಿಸುವ ಗೈಡುಗಳು, ನಡುವೆ ಸವಾರಿ ನಡೆಸುವವರು, ತಳದಲ್ಲಿ ತಿಂಡಿ ತೀರ್ಥದ ಅಂಗಡಿಯವರು.

ಕಾರ್ಮಿಕ ಸಂಘ ಡಿಸ್ನಿ ಕಂಪನಿಗೆ ಹೊಸದೇನೂ ಆಗಿರಲಿಲ್ಲ. 1941ರ ಮೇ 29ರಂದು ಅದರ ಚಿತ್ರ ಸ್ಟುಡಿಯೋದ ನೂರಾರು ಕಲಾವಿದರು ಮುಷ್ಕರ ಹೂಡಿದ್ದರು. ಸಂಘ ಕಟ್ಟಿದ್ದಕ್ಕೆ ಆರ್ಟ್ ಬ್ಯಾಬಿಟ್ ಎಂಬ ಹಿರಿಯ ಚಿತ್ರಕಾರರನ್ನೂ ಜೊತೆಗಾರರನ್ನೂ ಕೆಲಸದಿಂದ ತೆಗೆದದ್ದು ಅದಕ್ಕೆ ಕಿಡಿಯಾಯಿತು. ಕೇಂದ್ರ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಕಂಪನಿ ಸಂಘವನ್ನು ಒಪ್ಪಿಕೊಳ್ಳಬೇಕಾಯಿತು. ವಾಲ್ಟ್ ಡಿಸ್ನಿ ಅದನ್ನು ಮನೆಯವರೇ ಮಾಡಿದ ದ್ರೋಹವೆಂಬಂತೆ ಕಡೆಯವರೆಗೂ ನೆನೆದರು. ಆದರೂ ಪಾರ್ಕು ತೆರೆದಾಗ ಚಾಲಕರು, ರಂಗಸಜ್ಜಿಕೆಯವರು, ಅಡುಗೆಯವರು, ದುರಸ್ತಿಯವರು ತಂತಮ್ಮ ಕಸುಬಿನ ಸಂಘಗಳೊಂದಿಗೇ ಒಳಬಂದರು. ಒಂದೇ ಬೇಲಿಯೊಳಗೆ ಹತ್ತಾರು ಸಂಘಗಳು, ಹತ್ತಾರು ಒಪ್ಪಂದಗಳು. ಈ ಹರಿದು ಹಂಚಿದ ಸ್ಥಿತಿ ಮುಂದೆ ಕಾರ್ಮಿಕರ ಬಲವನ್ನು ಬಹುಕಾಲ ಕುಂದಿಸಿತು.

1984ರ ವರ್ಷ ಈ ಚರಿತ್ರೆಯ ದೊಡ್ಡ ತಿರುವು. ವಾಲ್ಟ್ ಡಿಸ್ನಿ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಸಿನಿಮಾಗಳು ಸೋಲುತ್ತಿದ್ದವು, ಷೇರಿನ ಬೆಲೆ ಇಳಿದಿತ್ತು. ಸಾಲ್ ಸ್ಟೈನ್‌ಬರ್ಗ್ ಎಂಬ ಹಣಕಾಸುದಾರ ಷೇರು ಕೂಡಿಹಾಕಿ ಕಂಪನಿಯನ್ನೇ ಕೈವಶ ಮಾಡಿಕೊಳ್ಳಲು ಬಂದ. ಅವನನ್ನು ಸಾಗಹಾಕಲು ಅವನ ಪಾಲಿನ ಷೇರುಗಳನ್ನು ಕಂಪನಿ ಆ ಜೂನ್ ತಿಂಗಳಲ್ಲಿ ಸುಮಾರು 32.5 ಕೋಟಿ ಡಾಲರ್ ಕೊಟ್ಟು ಮರಳಿ ಕೊಂಡಿತು. ಅದೇ ವರ್ಷ ಡಿಸ್ನಿಲ್ಯಾಂಡಿನ ಸಂಘಗಳೊಂದಿಗಿನ ಒಪ್ಪಂದ ಮುಗಿಯುತ್ತಿತ್ತು. ಕಂಪನಿಯ ಪ್ರಸ್ತಾವದಲ್ಲಿ ಎರಡು ಮುಖ್ಯ ಅಂಶಗಳಿದ್ದವು: ಕೂಲಿ ಏರಿಕೆಗೆ ತಡೆ, ಕೆಲವು ಕೆಲಸಗಳನ್ನು ಹೊರಗುತ್ತಿಗೆಗೆ ಕೊಡುವ ಅಧಿಕಾರ. ಸೆಪ್ಟೆಂಬರ್ 22ರಂದು ಮೈಕೆಲ್ ಐಸ್ನರ್ ಮತ್ತು ಫ್ರಾಂಕ್ ವೆಲ್ಸ್ ಆಡಳಿತದ ಚುಕ್ಕಾಣಿ ಹಿಡಿದರು. ಮೂರೇ ದಿನಕ್ಕೆ, ಸೆಪ್ಟೆಂಬರ್ 25ರಂದು, 1,800ಕ್ಕೂ ಹೆಚ್ಚು ನೌಕರರು ಕೆಲಸ ನಿಲ್ಲಿಸಿ ಗೇಟಿನ ಮುಂದೆ ನಿಂತರು.

ಮುಷ್ಕರ ನಡೆದದ್ದು 22 ದಿನ. ಪಾರ್ಕು ಒಂದು ದಿನವೂ ಮುಚ್ಚಲಿಲ್ಲ. ಮೇಲ್ವಿಚಾರಕರೂ ಹೊಸದಾಗಿ ನೇಮಿಸಿಕೊಂಡವರೂ ಸವಾರಿ ನಡೆಸಿದರು, ತಿಂಡಿ ಮಾರಿದರು. ಈ ಮುಷ್ಕರವನ್ನು ಅಧ್ಯಯನ ಮಾಡಿದ ರೂತ್ ಸ್ಮಿತ್ ಮತ್ತು ಎರಿಕ್ ಐಸೆನ್‌ಬರ್ಗ್ 1987ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗಮನ ಸೆಳೆಯುವ ಒಂದು ಸಂಗತಿ ಇದೆ. ಆಡಳಿತ ಪಾರ್ಕನ್ನು ‘ನಾಟಕ’ ಎಂದು ಕಾಣುತ್ತಿತ್ತು. ನೌಕರರು ಮಾತ್ರ ವರ್ಷಗಳು ಕಳೆದಂತೆ ಅದನ್ನು ‘ಕುಟುಂಬ’ ಎಂದು ನಂಬಿಕೊಂಡಿದ್ದರು. ನಾಟಕದ ಕಂಪನಿಯಲ್ಲಿ ಕಲೆಕ್ಷನ್ ಬೀಳದಿದ್ದರೆ ಪಾತ್ರಧಾರಿಯ ಸಂಬಳ ಕಡಿಯಬಹುದು. ಮನೆಯ ಯಜಮಾನ ಮಕ್ಕಳ ಅನ್ನ ಕಡಿಯುವುದುಂಟೆ ಎಂಬುದು ಗೇಟಿನ ಹೊರಗೆ ನಿಂತವರ ನೋವಾಗಿತ್ತು. ಕಷ್ಟ ಬಂದಾಗ ಕುಟುಂಬದವರೆಲ್ಲ ಹೊಟ್ಟೆ ಕಟ್ಟಬೇಕು ಎಂದು ಆಡಳಿತ ಅದೇ ಮಾತನ್ನು ತಿರುಗಿಸಿ ಬಳಸಿತು. ಕೊನೆಗೆ ಕೂಲಿ ತಡೆಯನ್ನು ಒಪ್ಪಿಕೊಂಡೇ ಜನ ಕೆಲಸಕ್ಕೆ ಮರಳಿದರು. ಸೋಲೆಂದೇ ಹೇಳಬೇಕು. ಆದರೆ ಮನೆ, ಕುಟುಂಬ ಎಂಬ ನಂಬಿಕೆ ಅಲ್ಲಿಗೆ ಕಳಚಿಬಿತ್ತು, ಉಳಿದದ್ದು ಲಿಖಿತ ಒಪ್ಪಂದ. ಮುಂದಿನ ನಲವತ್ತು ವರ್ಷ ಈ ಪಾರ್ಕಿನಲ್ಲಿ ಕೂಲಿಗಾಗಿ ಇಂಥ ಮುಷ್ಕರ ಮತ್ತೆ ನಡೆಯಲಿಲ್ಲ.

ಫ್ಲಾರಿಡಾದ ಕಥೆ ಬೇರೆ ದಾರಿಯಲ್ಲಿ ಸಾಗಿತು. ಒರ್ಲಾಂಡೊ ಹತ್ತಿರದ ಸುಮಾರು 27,000 ಎಕರೆ ಜೌಗು ನೆಲದಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ 1971ರ ಅಕ್ಟೋಬರ್ 1ರಂದು ಆರಂಭವಾಯಿತು. ಅದಕ್ಕೂ ಮೊದಲೇ, 1967ರಲ್ಲಿ, ರೀಡಿ ಕ್ರೀಕ್ ಎಂಬ ವಿಶೇಷ ಆಡಳಿತ ವಲಯವನ್ನು ರಾಜ್ಯ ಶಾಸನಸಭೆ ಕಂಪನಿಗಾಗಿಯೇ ರಚಿಸಿತ್ತು. ಫ್ಲಾರಿಡಾದ ಸಂವಿಧಾನದಲ್ಲಿ 1944ರಿಂದಲೂ ಒಂದು ವಿಧಿ ಇದೆ: ಕೆಲಸ ಸಿಗಲು ಅಥವಾ ಉಳಿಯಲು ಸಂಘದ ಸದಸ್ಯನಾಗಲೇಬೇಕೆಂದು ಯಾರನ್ನೂ ಕಟ್ಟಿಹಾಕುವಂತಿಲ್ಲ. ಸಂಘ ಗಳಿಸಿದ ಏರಿಕೆ ಎಲ್ಲರಿಗೂ ಸಿಗುತ್ತದೆ, ಚಂದಾ ಕೊಡುವವರು ಕೆಲವರೇ. ಈ ಅಡ್ಡಿಯ ನಡುವೆಯೂ ಆರು ಸ್ಥಳೀಯ ಸಂಘಗಳು ಒಟ್ಟಾಗಿ ಸರ್ವೀಸ್ ಟ್ರೇಡ್ಸ್ ಕೌನ್ಸಿಲ್ ಯೂನಿಯನ್ ಎಂಬ ಒಕ್ಕೂಟ ಕಟ್ಟಿಕೊಂಡು ಒಂದೇ ಮೇಜಿನಲ್ಲಿ ಚೌಕಾಸಿ ಮಾಡುವ ಪದ್ಧತಿ ಬೆಳೆಸಿದವು.

ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನ ಕಟ್ಟಡವೇ ಕಾರ್ಮಿಕರನ್ನು ಮರೆಮಾಡುವಂತೆ ರೂಪಿಸಿದ್ದು. ಜನ ಓಡಾಡುವ ಬೀದಿಗಳು ನಿಜಕ್ಕೂ ಎರಡನೆಯ ಅಂತಸ್ತು. ನೆಲದ ಮಟ್ಟದಲ್ಲಿ ‘ಯುಟಿಲಿಡಾರ್’ ಎಂಬ ಸುರಂಗಗಳ ಜಾಲ. ಉಡುಪಿನ ಕೋಣೆ, ಊಟದ ಮನೆ, ಕಸ ಸಾಗಿಸುವ ಕೊಳವೆ ಎಲ್ಲವೂ ಅಲ್ಲೇ. ಕೌಬಾಯ್ ವೇಷದವನು ಭವಿಷ್ಯದ ನಗರದ ನಡುವೆ ಕಾಣಿಸಿಕೊಳ್ಳಬಾರದು, ದಣಿದ ಮುಖ ಮಕ್ಕಳ ಕಣ್ಣಿಗೆ ಬೀಳಬಾರದು. ವಾಹನ ನಿಲ್ಲಿಸಿ, ಕಂಪನಿಯ ಬಸ್ಸು ಹತ್ತಿ, ಸುರಂಗ ದಾಟಿ, ವೇಷ ತೊಟ್ಟು ರಂಗಕ್ಕೆ ಬರುವಷ್ಟರಲ್ಲಿ ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಆ ಹೊತ್ತಿಗೆ ಕೂಲಿ ಯಾರು ಕೊಡಬೇಕು ಎಂಬುದು ಹಳೆಯ ಜಗಳ.

ಕಡಿಮೆ ಕೂಲಿಯ ಕೆಲಸಗಳಿಗೆ ಜನ ಸಾಲದಾದಾಗ ಕಂಪನಿ ಕಾಲೇಜುಗಳತ್ತ ನೋಡಿತು. 1980ರಲ್ಲಿ ಶುರುವಾದ ಕಾಲೇಜ್ ಪ್ರೋಗ್ರಾಮ್‌ನಲ್ಲಿ ವಿದ್ಯಾರ್ಥಿಗಳು ಕೆಲವು ತಿಂಗಳ ಕಾಲ ಸವಾರಿಗಳಲ್ಲಿ, ಅಡುಗೆಮನೆಗಳಲ್ಲಿ ದುಡಿಯುತ್ತಾರೆ. ಕಂಪನಿ ಕೊಟ್ಟ ವಸತಿಯ ಬಾಡಿಗೆ ಅವರ ಸಂಬಳದಿಂದಲೇ ಕಡಿತವಾಗುತ್ತದೆ. 1982ರಲ್ಲಿ ಎಪ್ಕಾಟ್ ಪಾರ್ಕು ತೆರೆದ ಮೇಲೆ ಅಲ್ಲಿನ ದೇಶ ದೇಶಗಳ ಮಂಟಪಗಳಲ್ಲಿ ಆಯಾ ದೇಶದ ಯುವಕರೇ ಬೇಕಾದರು. 1990ರ ವಲಸೆ ಕಾಯ್ದೆಯಲ್ಲಿ ಇಂಥ ಸಾಂಸ್ಕೃತಿಕ ವಿನಿಮಯಕ್ಕೆಂದು ಕ್ಯೂ ವೀಸಾ ಹುಟ್ಟಿತು. ಜನರ ಬಾಯಲ್ಲಿ ಅದು ‘ಡಿಸ್ನಿ ವೀಸಾ’. ಕಲಿಕೆ ಎಂಬ ಹೆಸರಿನ ಈ ನೇಮಕಗಳಲ್ಲಿ ಕಲಿಕೆಗಿಂತ ದುಡಿಮೆಯ ಪಾಲೇ ಹೆಚ್ಚೆಂಬ ಟೀಕೆ ಆರಂಭದಿಂದಲೂ ಇದೆ. ದಿನವಿಡೀ ಬರ್ಗರ್ ಕಟ್ಟುವ ವಿದ್ಯಾರ್ಥಿಯ ಪಾಲಿಗೆ ಆ ಟೀಕೆ ನ್ಯಾಯವಾದದ್ದೇ.

ಪಾರ್ಕಿನ ದುಡಿಮೆಯಲ್ಲಿ ಅತ್ಯಂತ ಕಠಿಣವಾದದ್ದು ಅತ್ಯಂತ ಮುದ್ದಾಗಿ ಕಾಣುವ ಕೆಲಸ: ಮಿಕ್ಕಿ, ಗೂಫಿ, ಪ್ಲೂಟೊ ಮುಂತಾದ ವೇಷಗಳದ್ದು. ಫ್ಲಾರಿಡಾದ ಬೇಸಿಗೆಯಲ್ಲಿ ಬರಿ ಮೈಯೇ ಬೇಯುತ್ತದೆ. ವೇಷಧಾರಿ ಅದರ ಮೇಲೆ ತುಪ್ಪಳದ ದಪ್ಪ ಹೊದಿಕೆ, ಎರಡೂ ಭುಜಕ್ಕೆ ಒರಗುವ ದೊಡ್ಡ ತಲೆ, ಬೆರಳು ತಿಳಿಯದ ಕೈಗವಸು ತೊಟ್ಟು ನಿಲ್ಲಬೇಕು. ಹೊರಗಿನ ಲೋಕ ಕಾಣುವುದು ಸಣ್ಣ ಕಿಂಡಿಯಿಂದ. ಮಾತಾಡುವಂತಿಲ್ಲ. ಏನೇ ಆದರೂ ಜನರೆದುರು ತಲೆ ಕಳಚುವಂತಿಲ್ಲ. ಓಡಿಬಂದು ತಬ್ಬಿಕೊಳ್ಳುವ ಮಗು, ಬಾಲ ಎಳೆಯುವ ಹುಡುಗ, ಬೆನ್ನಿಗೆ ಗುದ್ದುವ ಕುಡುಕ, ಎಲ್ಲರಿಗೂ ಅದೇ ಕೈಬೀಸು. ಹೀಗಾಗಿ ಒಂದು ಸರದಿ ಮುಗಿದ ಮೇಲೆ ಒಳಗೆ ಹೋಗಿ ನೀರು ಕುಡಿದು ಮೈ ಆರಿಸಿಕೊಳ್ಳುವ ಬಿಡುವು ಈ ಕೆಲಸದಲ್ಲಿ ಪ್ರಾಣದ ಪ್ರಶ್ನೆ. ಸರದಿ ಎಷ್ಟು ನಿಮಿಷ, ಬಿಡುವು ಎಷ್ಟು ನಿಮಿಷ ಎಂಬ ಎರಡು ಅಂಕಿಗಳಿಗೆ ವೇಷಧಾರಿಗಳ ಬದುಕಿನಲ್ಲಿ ಗಂಟೆಯ ಕೂಲಿಯಷ್ಟೇ ತೂಕ.

ಫ್ಲಾರಿಡಾದ ವೇಷಧಾರಿಗಳು ಲಾರಿ ಚಾಲಕರ ದೊಡ್ಡ ಸಂಘವಾದ ಟೀಮ್‌ಸ್ಟರ್ಸ್‌ಗೆ ಸೇರಿದವರು. 2001ರಲ್ಲಿ ಆ ಸಂಘ ಚೌಕಾಸಿ ಮೇಜಿಗೆ ತಂದ ಒಂದು ಬೇಡಿಕೆ ಒಳಉಡುಪಿನದು. ವೇಷದ ಒಳಗೆ ತೊಡುವ ಒಳಉಡುಪು ಕಂಪನಿಯದೇ. ದಿನದ ಕೊನೆಗೆ ಎಲ್ಲವೂ ಒಟ್ಟಿಗೆ ಒಗೆಯಲು ಹೋಗಿ ಮರುದಿನ ಯಾರದೋ ಯಾರಿಗೋ ಬರುತ್ತಿತ್ತು. ಸರಿಯಾಗಿ ಒಗೆಯದೆ, ಕಲೆಯೂ ವಾಸನೆಯೂ ಉಳಿದು, ಹೇನು ಮತ್ತು ಕಜ್ಜಿ ಹತ್ತಿದೆ ಎಂದು ನೌಕರರು ದೂರಿದರು. ಆ ವರ್ಷದ ಒಪ್ಪಂದದಲ್ಲಿ ಪ್ರತಿಯೊಬ್ಬರಿಗೂ ಅವರವರದೇ ಒಳಉಡುಪು, ಮನೆಗೆ ಒಯ್ದು ಒಗೆದುಕೊಳ್ಳುವ ಅವಕಾಶ ದಕ್ಕಿತು. ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಅಚ್ಚು ಹಾಕಿದವು. ಆದರೆ ಮೈಗೆ ತಾಗುವ ಬಟ್ಟೆ ತನ್ನದಾಗಿರಬೇಕು ಎಂಬುದಕ್ಕಿಂತ ಮೂಲಭೂತವಾದ ಬೇಡಿಕೆ ಇನ್ನೊಂದಿರಲಾರದು. ಅದನ್ನು ಪಡೆಯಲೂ ಸಂಘದ ಬಲ ಬೇಕಾಯಿತು.

ವೇಷದ ಲೆಕ್ಕ ಸಂಬಳದ ಚೀಟಿಗೂ ಬಂದದ್ದುಂಟು. ಕಂಪನಿಯ ಫ್ಲಾರಿಡಾ ಘಟಕಗಳಲ್ಲಿ ಉಡುಪಿನ ಖರ್ಚೆಂದು ಸಂಬಳದಿಂದ ಮುರಿದುಕೊಂಡ ಹಣದಿಂದಾಗಿ ಕೆಲವರ ಕೂಲಿ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಇಳಿದಿದೆ, ಪಾಳಿಯ ಮುಂಚೆ ಮತ್ತು ಅನಂತರದ ಕೆಲಸಕ್ಕೆ ಕೂಲಿ ಸಂದಿಲ್ಲ ಎಂದು ಅಮೆರಿಕದ ಕಾರ್ಮಿಕ ಇಲಾಖೆ ಕಂಡುಕೊಂಡಿತು. 2017ರಲ್ಲಿ 16,339 ನೌಕರರಿಗೆ ಒಟ್ಟು 38 ಲಕ್ಷ ಡಾಲರ್ ಹಿಂಬಾಕಿ ಕೊಡಲು ಕಂಪನಿ ಒಪ್ಪಿತು. ತಲೆಗೆ ಸರಾಸರಿ 230 ಡಾಲರ್ ಆಸುಪಾಸು. ದೊಡ್ಡ ಮೊತ್ತವಲ್ಲ, ಆದರೆ ಗಂಟೆಗೆ ಎಂಟು ಹತ್ತು ಡಾಲರಿಗೆ ದುಡಿಯುವವರ ಪಾಲಿಗೆ ಅದು ಹೆಚ್ಚುಕಡಿಮೆ ಮೂರು ದಿನದ ದುಡಿಮೆ.

ಜೀವಗಳೂ ಹೋಗಿವೆ. 1974ರ ಜುಲೈ 8ರಂದು ಡಿಸ್ನಿಲ್ಯಾಂಡಿನ ‘ಅಮೆರಿಕಾ ಸಿಂಗ್ಸ್’ ಎಂಬ ಸುತ್ತುವ ರಂಗಮಂದಿರದಲ್ಲಿ, ತಿರುಗುವ ಗೋಡೆಗೂ ಸ್ಥಿರ ಗೋಡೆಗೂ ನಡುವೆ ಸಿಕ್ಕಿ 18 ವರ್ಷದ ಪರಿಚಾರಿಕೆಯೊಬ್ಬಳು ಸತ್ತಳು. ಆ ಪ್ರದರ್ಶನ ಶುರುವಾಗಿ ಹದಿನೈದು ದಿನವೂ ಆಗಿರಲಿಲ್ಲ. ಅನಂತರ ಎಚ್ಚರಿಕೆಯ ದೀಪಗಳು ಬಂದವು, ಗೋಡೆಗಳನ್ನು ಒತ್ತಿದರೆ ಮುರಿದು ಬಿಡುವಂತೆ ಮಾರ್ಪಡಿಸಿದರು. 2004ರ ಫೆಬ್ರವರಿಯಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ಲೂಟೊ ವೇಷ ತೊಟ್ಟಿದ್ದ ನೌಕರರೊಬ್ಬರು ಮೆರವಣಿಗೆಯ ತೇರಿನ ಗಾಲಿಗೆ ಸಿಕ್ಕಿ ತೀರಿಕೊಂಡರು. ಸುರಕ್ಷತಾ ಇಲಾಖೆ ಹಾಕಿದ ದಂಡ 6,300 ಡಾಲರ್. ಒಂದು ಜೀವಕ್ಕೆ ಆ ದಂಡ ತೀರ ಅಲ್ಪ ಎಂಬುದರಲ್ಲಿ ಎರಡು ಮಾತಿಲ್ಲ.

ಡಿಸ್ನಿಯ ಮಾದರಿ ಕಡಲು ದಾಟಿದಾಗ ಈ ಪ್ರಶ್ನೆಗಳೂ ಜೊತೆಗೇ ಹೋದವು. ಟೋಕಿಯೊ ಡಿಸ್ನಿಲ್ಯಾಂಡನ್ನು 1983ರಿಂದ ನಡೆಸುತ್ತಿರುವುದು ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪನಿ. ಅಲ್ಲಿ ಭಾರದ ವೇಷ ಹೊತ್ತು ಕೈಬೀಸಿದ ವೇಷಧಾರಿಣಿಯೊಬ್ಬರಿಗೆ ಬಂದ ತೋಳಿನ ನೋವಿನ ಕಾಯಿಲೆಯನ್ನು ಕಾರ್ಮಿಕ ಕಚೇರಿ 2017ರಲ್ಲಿ ಕೆಲಸದಿಂದಲೇ ಬಂದದ್ದೆಂದು ಮಾನ್ಯ ಮಾಡಿತು. ಪ್ಯಾರಿಸ್ ಬಳಿಯ ಪಾರ್ಕು 1992ರಲ್ಲಿ ತೆರೆದಾಗ ಮೀಸೆ, ಗಡ್ಡ, ಲಂಗದ ಉದ್ದದ ನಿಯಮಗಳನ್ನು ಫ್ರೆಂಚ್ ಸಂಘಗಳು ಮನುಷ್ಯನ ಘನತೆಗೆ ವಿರುದ್ಧವೆಂದು ಪ್ರತಿಭಟಿಸಿದವು. 2023ರಲ್ಲಿ ಅಲ್ಲಿಯ ನೌಕರರು ತಿಂಗಳಿಗೆ 200 ಯೂರೊ ಏರಿಕೆ ಕೇಳಿ ಪಾರ್ಕಿನೊಳಗೇ ಮೆರವಣಿಗೆ ನಡೆಸಿದರು.

ಭಾರತಕ್ಕೂ ಈ ಚರಿತ್ರೆಯಲ್ಲಿ ಒಂದು ಎಳೆ ಇದೆ. ಒರ್ಲಾಂಡೊದ ಡಿಸ್ನಿ ಕಚೇರಿಗಳಲ್ಲಿ ಕಂಪ್ಯೂಟರ್ ವಿಭಾಗದ ಸುಮಾರು 250 ನೌಕರರಿಗೆ 2014ರ ಕೊನೆಯಲ್ಲಿ ಕೆಲಸ ಹೋಗುವ ಸೂಚನೆ ಬಂತು. ಆ ಕೆಲಸವನ್ನು ಎಚ್‌ಸಿಎಲ್, ಕಾಗ್ನಿಜೆಂಟ್‌ನಂಥ ಹೊರಗುತ್ತಿಗೆ ಕಂಪನಿಗಳಿಗೆ ವಹಿಸಲಾಯಿತು. ಎಚ್-1ಬಿ ವೀಸಾದ ಮೇಲೆ ಬಂದ ಭಾರತೀಯ ಎಂಜಿನಿಯರುಗಳಿಗೆ ತಮ್ಮ ಕೆಲಸವನ್ನು ತಾವೇ ಕಲಿಸಿಕೊಟ್ಟು ಹೊರಡಬೇಕಾದ ಸ್ಥಿತಿ ಆ ನೌಕರರದಾಯಿತು. 2015ರಲ್ಲಿ ಸುದ್ದಿ ದೊಡ್ಡದಾಯಿತು. 2016ರಲ್ಲಿ ಮೊಕದ್ದಮೆಗಳು ಬಂದವು, ಅದೇ ವರ್ಷ ನ್ಯಾಯಾಲಯ ಅವನ್ನು ತಳ್ಳಿಹಾಕಿತು. ಹೊರಗುತ್ತಿಗೆಯ ಆದಾಯದ ಮೇಲೆ ನಿಂತ ಬೆಂಗಳೂರಿನಂಥ ಊರುಗಳ ಓದುಗರಿಗೆ ಈ ಪ್ರಕರಣದ ಎರಡೂ ತುದಿಗಳು ಅರ್ಥವಾಗುತ್ತವೆ. ಒಂದು ತುದಿಯಲ್ಲಿ ಕೆಲಸ ಕಳೆದುಕೊಂಡವನು, ಇನ್ನೊಂದು ತುದಿಯಲ್ಲಿ ವೀಸಾದ ದಾರಕ್ಕೆ ಜೋತುಬಿದ್ದವನು. ಎರಡು ಕಡೆಯೂ ಉಳಿತಾಯವಾದದ್ದು ಕಂಪನಿಗೆ.

ಅನಹೈಮ್‌ನಲ್ಲಿ ಮಾತು ಬಿಸಿಯೇರಿದ್ದು 2018ರಲ್ಲಿ. ಆ ಫೆಬ್ರವರಿಯಲ್ಲಿ ಆಕ್ಸಿಡೆಂಟಲ್ ಕಾಲೇಜಿನ ಪೀಟರ್ ಡ್ರೈಯರ್ ಮತ್ತು ಎಕನಾಮಿಕ್ ರೌಂಡ್‌ಟೇಬಲ್ ಸಂಸ್ಥೆಯ ಡೇನಿಯಲ್ ಫ್ಲೇಮಿಂಗ್ ಡಿಸ್ನಿಲ್ಯಾಂಡ್ ನೌಕರರ ಸಮೀಕ್ಷೆಯ ವರದಿ ಹೊರತಂದರು. ಸಮೀಕ್ಷೆಗೆ ಹಣ ಕೊಟ್ಟದ್ದು ಸಂಘಗಳು. ಉತ್ತರಿಸಿದವರು ಸುಮಾರು 5,000 ಜನ. ತಿಂಗಳ ಮೂಲ ಖರ್ಚಿಗೆ ಸಂಬಳ ಸಾಲದೆಂದವರು ನೂರಕ್ಕೆ 73. ಹಿಂದಿನ ಎರಡು ವರ್ಷಗಳಲ್ಲಿ ತಮ್ಮದೆಂಬ ಸೂರಿಲ್ಲದೆ ಕಳೆದ ದಿನಗಳಿದ್ದವೆಂದವರು ನೂರಕ್ಕೆ 11. ಊಟದ ಭದ್ರತೆ ಇಲ್ಲದವರು ನೂರಕ್ಕೆ 68. ಬೆಲೆಯೇರಿಕೆ ಕಳೆದು ನೋಡಿದರೆ 2000ದಲ್ಲಿ ಗಂಟೆಗೆ ಸರಾಸರಿ 15.80 ಡಾಲರ್ ಇದ್ದ ಕೂಲಿ 2017ಕ್ಕೆ 13.36ಕ್ಕೆ ಇಳಿದಿತ್ತು ಎಂದು ವರದಿ ಲೆಕ್ಕ ಹಾಕಿತು. ಕಂಪನಿ ಈ ವರದಿಯನ್ನು ಒಪ್ಪಲಿಲ್ಲ. ಆದರೆ ಕಾರಿನಲ್ಲಿ ಮಲಗಿ ಎದ್ದು, ಮುಖ ತೊಳೆದು, ನಗುತ್ತ ಗೇಟು ತೆರೆಯುವವರಿದ್ದಾರೆ ಎಂಬ ಸಂಗತಿ ಊರಿನ ಬಾಯಿಗೆ ಬಿದ್ದಾಗಿತ್ತು. ಆ ವರ್ಷ ಕಂಪನಿಯ ಮುಖ್ಯಸ್ಥ ಬಾಬ್ ಐಗರ್ ಅವರಿಗೆ ಸಂದ ಒಟ್ಟು ಸಂಭಾವನೆ 6.5 ಕೋಟಿ ಡಾಲರಿಗೂ ಹೆಚ್ಚು. ಇಷ್ಟು ಅಂತರ ಸಲ್ಲದೆಂದು ವಾಲ್ಟ್ ಡಿಸ್ನಿಯವರ ಅಣ್ಣ ರಾಯ್ ಅವರ ಮೊಮ್ಮಗಳು ಅಬಿಗೇಲ್ ಡಿಸ್ನಿ ಮರುವರ್ಷ ಬಹಿರಂಗವಾಗಿ ಬರೆದರು.

2018ರ ಜುಲೈಯಲ್ಲಿ ನಾಲ್ಕು ಸಂಘಗಳ ಕೂಟದ ಒಪ್ಪಂದದಿಂದ ಸುಮಾರು 9,700 ನೌಕರರ ಕನಿಷ್ಠ ಕೂಲಿ 13.25 ಡಾಲರಿಗೂ 2019ರ ಆರಂಭಕ್ಕೆ 15 ಡಾಲರಿಗೂ ಏರಿತು. ಸಂಘಗಳು ಅಷ್ಟಕ್ಕೆ ನಿಲ್ಲಲಿಲ್ಲ, ಪ್ರಶ್ನೆಯನ್ನು ಮತದಾರರ ಮುಂದೆ ಒಯ್ದವು. ನವೆಂಬರಿನ ಚುನಾವಣೆಯಲ್ಲಿ ಅನಹೈಮ್ ಜನ ‘ಮೆಷರ್ ಎಲ್’ ಎಂಬ ನಿರ್ಣಯವನ್ನು ಗೆಲ್ಲಿಸಿದರು. ನಗರಸಭೆಯಿಂದ ತೆರಿಗೆ ರಿಯಾಯಿತಿ ಪಡೆಯುವ ಆತಿಥ್ಯ ಉದ್ಯಮಗಳು 2019ರಲ್ಲಿ ಗಂಟೆಗೆ 15 ಡಾಲರ್ ಕೊಡಬೇಕು, ಪ್ರತಿ ವರ್ಷ ಒಂದೊಂದು ಡಾಲರ್ ಏರಿಸಿ 2022ಕ್ಕೆ 18 ಮುಟ್ಟಿಸಬೇಕು ಎಂಬುದು ಅದರ ತಿರುಳು. ಚುನಾವಣೆಗೆ ಕೆಲವು ತಿಂಗಳ ಮುಂಚೆಯೇ ಡಿಸ್ನಿ ನಗರದೊಂದಿಗಿದ್ದ ಎರಡು ರಿಯಾಯಿತಿ ಒಪ್ಪಂದಗಳನ್ನು ತಾನಾಗಿ ರದ್ದುಮಾಡಿಸಿಕೊಂಡು, ಈ ನಿಯಮ ತನಗೆ ಅನ್ವಯಿಸದು ಎಂದು ವಾದಿಸಿತು.

ನೌಕರರ ಪರ ವಕೀಲರು ಹಳೆಯ ಕಡತ ತೆಗೆದರು. 1990ರ ದಶಕದಲ್ಲಿ ಪಾರ್ಕಿನ ವಿಸ್ತರಣೆಗಾಗಿ ನಗರ 51 ಕೋಟಿ ಡಾಲರ್ ಮೊತ್ತದ ಬಾಂಡ್ ಹೊರಡಿಸಿ, ಬಹುಮಹಡಿ ವಾಹನ ನಿಲ್ದಾಣವನ್ನೂ ರಸ್ತೆಗಳನ್ನೂ ಕಟ್ಟಿಸಿತ್ತು. ಆ ನಿಲ್ದಾಣಕ್ಕೆ ಡಿಸ್ನಿ ಕೊಡುವ ಬಾಡಿಗೆ ವರ್ಷಕ್ಕೆ ಒಂದು ಡಾಲರ್. ವಾಹನ ಶುಲ್ಕವೆಲ್ಲ ಕಂಪನಿಗೆ. ಬಾಂಡ್ ತೀರಿಸಲು ತೆರಿಗೆ ಹಣ ಸಾಲದೆ ಹೋದರೆ ಡಿಸ್ನಿ ಕೈಯಿಂದ ತುಂಬಬೇಕು, ಮುಂದೆ ತೆರಿಗೆ ಹೆಚ್ಚಾದಾಗ ಆ ಹಣ ಡಿಸ್ನಿಗೆ ಮರಳಬೇಕು ಎಂಬ ಷರತ್ತು ಆ ಒಪ್ಪಂದದಲ್ಲಿತ್ತು. ಇದೇ ತೆರಿಗೆ ರಿಯಾಯಿತಿ ಎಂಬುದು ನೌಕರರ ವಾದ. 2019ರಲ್ಲಿ ಹೂಡಿದ ಈ ಸಾಮೂಹಿಕ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು; 2023ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಲೆಕೆಳಗು ಮಾಡಿತು. ರಾಜ್ಯದ ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಒಪ್ಪಲಿಲ್ಲ.

ಈ ನಡುವೆ ಕೊರೋನಾ ಬಂದಿತ್ತು. 2020ರ ಮಾರ್ಚ್ ನಡುವೆ ಎರಡೂ ಕಡೆಯ ಪಾರ್ಕುಗಳು ಮುಚ್ಚಿದವು. ಏಪ್ರಿಲಿನಿಂದ ಹತ್ತಾರು ಸಾವಿರ ನೌಕರರನ್ನು ಸಂಬಳವಿಲ್ಲದ ರಜೆಗೆ ಕಳಿಸಿದರು. ಆರೋಗ್ಯ ವಿಮೆ ಇದ್ದವರಿಗೆ ಅದನ್ನು ಉಳಿಸಿದ್ದು ದೊಡ್ಡ ಆಸರೆಯಾಯಿತು. ಸೆಪ್ಟೆಂಬರ್ ಕೊನೆಗೆ 28,000 ಜನರನ್ನು ಕೆಲಸದಿಂದ ತೆಗೆಯುವ ಘೋಷಣೆ ಬಂತು. ಅವರಲ್ಲಿ ಮೂರನೆಯ ಎರಡು ಪಾಲು ಅರೆಕಾಲಿಕರು. ಪೂರ್ಣಾವಧಿ, ಅರೆಕಾಲಿಕ ಎಂಬ ಭೇದದ ನಿಜವಾದ ಅರ್ಥ ಆ ದಿನ ಹೊರಬಿತ್ತು. ವರ್ಷಗಟ್ಟಲೆ ಹೆಚ್ಚುಕಡಿಮೆ ಅದೇ ಕೆಲಸ ಮಾಡಿದ್ದರೂ ಮೊದಲು ಮನೆಗೆ ಹೋದವರು ಅರೆಕಾಲಿಕರೇ. ಡಿಸ್ನಿ ವರ್ಲ್ಡ್ ಆ ಜುಲೈಯಲ್ಲೇ ತೆರೆದರೆ ಡಿಸ್ನಿಲ್ಯಾಂಡ್ ತೆರೆಯಲು 2021ರ ಏಪ್ರಿಲ್ 30 ಬಂತು.

ಪಾರ್ಕುಗಳು ಮತ್ತೆ ತುಂಬಿದಾಗ ದುಡಿಯುವವರ ದನಿ ಬದಲಾಗಿತ್ತು. ಫ್ಲಾರಿಡಾದ ಒಕ್ಕೂಟ 2018ರ ಒಪ್ಪಂದದಲ್ಲಿ 10 ಡಾಲರಿನಿಂದ ಹೊರಟು 2021ಕ್ಕೆ 15 ಮುಟ್ಟಿತ್ತು. 2023ರ ಫೆಬ್ರವರಿಯಲ್ಲಿ ಕಂಪನಿ ವರ್ಷಕ್ಕೆ ಒಂದು ಡಾಲರ್ ಏರಿಕೆ ಮುಂದಿಟ್ಟಾಗ ಮತ ಹಾಕಿದವರಲ್ಲಿ ನೂರಕ್ಕೆ 96 ಜನ ಬೇಡವೆಂದರು. ಮನೆ ಬಾಡಿಗೆ ಏರಿ ಹೆದ್ದಾರಿ ಬದಿಯ ಮೋಟೆಲುಗಳಲ್ಲಿ ಸಂಸಾರ ಹೂಡಿದವರಿಗೆ ಒಂದು ಡಾಲರ್ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಮಾರ್ಚಿನಲ್ಲಿ ಹೊಸ ಒಪ್ಪಂದವಾಗಿ ವರ್ಷದ ಕೊನೆಯೊಳಗೆ ಕನಿಷ್ಠ ಕೂಲಿ 18 ಡಾಲರಿಗೆ ಏರಿತು. ಅದರಿಂದ ಅನುಕೂಲವಾದದ್ದು ಸುಮಾರು 45,000 ಜನಕ್ಕೆ.

ಕ್ಯಾಲಿಫೋರ್ನಿಯಾದಲ್ಲಿ ಮರುವರ್ಷ ಎರಡು ಘಟನೆಗಳು ನಡೆದವು. ಡಿಸ್ನಿಲ್ಯಾಂಡಿನ ವೇಷಧಾರಿಗಳೂ ಮೆರವಣಿಗೆಯ ಕಲಾವಿದರೂ ಆವರೆಗೆ ಯಾವ ಸಂಘಕ್ಕೂ ಸೇರಿರಲಿಲ್ಲ. 2024ರ ಮೇ ತಿಂಗಳಲ್ಲಿ ಅವರು ‘ಮ್ಯಾಜಿಕ್ ಯುನೈಟೆಡ್’ ಎಂಬ ಹೆಸರಿನಲ್ಲಿ ಒಗ್ಗೂಡಿ 953ಕ್ಕೆ 258 ಮತಗಳಿಂದ ಆಕ್ಟರ್ಸ್ ಈಕ್ವಿಟಿಗೆ ಸೇರಲು ನಿರ್ಧರಿಸಿದರು. ಅದು ಬ್ರಾಡ್‌ವೇ ರಂಗಭೂಮಿಯ ನಟರ ಸಂಘ. 1955ರಿಂದ ‘ಪಾತ್ರವರ್ಗ’ ಎಂದು ಕರೆಸಿಕೊಂಡ ನೌಕರರಲ್ಲಿ 1,700 ಜನ ಕೊನೆಗೂ ಪಾತ್ರಧಾರಿಗಳ ಹಕ್ಕನ್ನೇ ಕೇಳಿ ಪಡೆದರು. ಜುಲೈಯಲ್ಲಿ ಅಂಗಡಿ, ಸವಾರಿ, ಸ್ವಚ್ಛತೆ, ಸಿಹಿತಿಂಡಿ ವಿಭಾಗಗಳ ಸುಮಾರು 14,000 ಜನರ ನಾಲ್ಕು ಸಂಘಗಳು ಮುಷ್ಕರಕ್ಕೆ ಮತ ಕೇಳಿದಾಗ ನೂರಕ್ಕೆ 99 ಜನ ಒಪ್ಪಿಗೆ ಕೊಟ್ಟರು. ಆ ವಾರಗಳಲ್ಲಿ ನೌಕರರ ಎದೆಯ ಮೇಲೆ ಒಂದು ಸಣ್ಣ ಬಿಲ್ಲೆ ಕಾಣಿಸಿಕೊಂಡಿತು: ಮಿಕ್ಕಿಯ ಬಿಳಿ ಕೈಗವಸು, ಆದರೆ ಬೀಸುವ ಕೈಯಲ್ಲ, ಬಿಗಿದ ಮುಷ್ಟಿ. ಆ ಬಿಲ್ಲೆ ತೊಟ್ಟದ್ದಕ್ಕೆ 675ಕ್ಕೂ ಹೆಚ್ಚು ಜನರ ಮೇಲೆ ಶಿಸ್ತುಕ್ರಮವಾಗಿದೆ ಎಂದು ಸಂಘಗಳು ರಾಷ್ಟ್ರೀಯ ಕಾರ್ಮಿಕ ಮಂಡಳಿಗೆ ದೂರು ಕೊಟ್ಟವು. ನಲವತ್ತು ವರ್ಷದ ಹಿಂದಿನ ಮುಷ್ಕರ ಮರುಕಳಿಸುವ ಮೊದಲೇ ಒಪ್ಪಂದವಾಯಿತು, 19.90 ಡಾಲರ್ ಇದ್ದ ಆರಂಭದ ಕೂಲಿ 24 ಡಾಲರ್ ಆಯಿತು.

ಮೆಷರ್ ಎಲ್ ಮೊಕದ್ದಮೆಗೆ ತೆರೆ ಬಿದ್ದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. 50,000ಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ನೌಕರರಿಗೆ 2019ರ ಜನವರಿ 1ರಿಂದ ಕಡಿಮೆ ಬಿದ್ದ ಕೂಲಿಯನ್ನು ಬಡ್ಡಿಸಹಿತ ಲೆಕ್ಕ ಹಾಕಿ ಒಟ್ಟು 23.3 ಕೋಟಿ ಡಾಲರ್ ಕೊಡಲು ಡಿಸ್ನಿ ಒಪ್ಪಿತು.